ತಾಮ್ರ ಸುತ್ತಿದ ಗಾಳ

“ಅಜ್ಜಾರೇ, ಕಳೆದುಕೊಂಡದ್ದನ್ನು ಮರೆಯುವುದು ಹೇಗೆ?” ಎಂದು ಬಸಲಿಂಗ ಕೇಳಿದ.

ಹೊಳೆ ದಡದ ಚಿಕ್ಕ ಮಠ. ಮಧ್ಯಾಹ್ನದ ಪಂಕ್ತಿ ಮುಗಿದಿತ್ತು. ಮಠದ ಗುರುಗಳಾದ ಅಜ್ಜನವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು.

“ಏನು ಕಳೆದುಕೊಂಡೆ?”

“ರೇವಣನನ್ನು. ಎಂಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವರು ನಾವು. ಒಂದು ಮಾತೂ ಹೇಳದೆ ಎದ್ದು ಹೋದ. ಇವತ್ತಿಗೆ ಇಪ್ಪತ್ತೆರಡು ದಿನ. ಪುಸ್ತಕ ಹಿಡಿದರೂ ಅವನದೇ ನೆನಪು, ಊಟಕ್ಕೆ ಕೂತರೂ ಅವನದೇ ನೆನಪು. ಅಮಾವಾಸ್ಯೆಗೆ ಇನ್ನು ಐದೇ ದಿನ. ಇಂಥ ಮನಸ್ಸು ಇಟ್ಟುಕೊಂಡು ಜನರ ಮುಂದೆ ಪ್ರವಚನಕ್ಕೆ ಹೇಗೆ ಕೂರಲಿ?”

“ಅದೂ ನಿಜವೇ. ಅವನು ಹೋದಂದಿನಿಂದ ನುಚ್ಚು ದಿನಾ ತಳ ಹಿಡಿಯುತ್ತಿದೆ” ಎಂದರು ಅಜ್ಜನವರು.

ನಡೆದದ್ದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಈ ಅಮಾವಾಸ್ಯೆಯ ಪ್ರವಚನವನ್ನು ರೇವಣ ಹೇಳಲಿ ಎಂದು ಅಜ್ಜನವರು ಮೂರು ವಾರದ ಹಿಂದೆ ಅಂದಿದ್ದರು. ರೇವಣ ಮಠದ ಅಡುಗೆ ನೋಡಿಕೊಳ್ಳುವವನು. ಅವನಿಗೆ ಅದು ಮೊದಲನೆಯ ಪ್ರವಚನ. ಮರುದಿನ ಪಂಕ್ತಿಯಲ್ಲಿ ಒಬ್ಬ ಭಕ್ತರು, “ಬಡಿಸುವ ಕೈಯೇ ಇನ್ನು ನಮಗೆ ಬುದ್ಧಿಯನ್ನೂ ಹೇಳುತ್ತದೆ” ಎಂದು ಹೊಗಳಿದರು. ಸೌಟು ಹಿಡಿದಿದ್ದ ರೇವಣ ನಾಚಿಕೊಂಡ. ಆಗ ಬಸಲಿಂಗ ನಗುತ್ತಲೇ ಹೇಳಿದ: “ಬುದ್ಧಿ ಹೇಳುವುದು ಈಗಿನ ಮಾತು. ಇವನು ಮಠಕ್ಕೆ ಬಂದದ್ದು ಗುರುವಿಗಾಗಿ ಅಲ್ಲ, ಊಟಕ್ಕಾಗಿ. ಮೂರು ದಿನ ಉಪವಾಸವಿದ್ದು ಅನ್ನದ ವಾಸನೆ ಹಿಡಿದು ಬಂದವನು. ಬೇಕಾದರೆ ಅವನನ್ನೇ ಕೇಳಿ.”

ಮಾತು ನಿಜವಾಗಿತ್ತು. ಅದನ್ನು ರೇವಣ ಬಸಲಿಂಗನೊಬ್ಬನಿಗೆ, ನಂಬಿ, ಹೇಳಿದ್ದ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ರೇವಣ ಕಟ್ಟಕಡೆಯವರ ತನಕ ಬಡಿಸಿದ. ಹಂಡೆ ತೊಳೆದ. ಸೌಟನ್ನು ಗೂಟಕ್ಕೆ ಸಿಕ್ಕಿಸಿದ. ತಾನು ಉಣ್ಣದೆ ಹೊರಟುಹೋದ. ಪ್ರವಚನದ ಸರದಿ ಬಸಲಿಂಗನಿಗೆ ಬಂತು.

“ನಿನಗೆ ಸಮಾಧಾನ ಹೇಳಲು ಯಾರಾದರೂ ಬಂದಿದ್ದರೇ?” ಎಂದು ಅಜ್ಜನವರು ಕೇಳಿದರು.

“ಎಲ್ಲರೂ ಬಂದಿದ್ದರು. ಎಂಟು ವರ್ಷದ ಗೆಳೆತನ ಮುರಿದು ಹೋದನಲ್ಲ ಎಂದು ನನಗಾಗಿ ಮರುಗಿದರು. ಗೌಡರ ಮನೆಯಿಂದ ಬಾಳೆಹಣ್ಣು ಕಳಿಸಿದ್ದರು.”

“ಒಳ್ಳೆಯದಾಯಿತು. ಅದಕ್ಕೇ ನಿನ್ನ ದುಃಖ ಇಷ್ಟು ಮೈಕೈ ತುಂಬಿಕೊಂಡಿದೆ.”

ಬಸಲಿಂಗನ ಮುಖ ಕೆಂಪಾಯಿತು. “ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು, ಅಜ್ಜಾರೇ?”

“ಏನೂ ಇರಲಿಲ್ಲ. ಕೂತುಕೋ. ಒಬ್ಬ ಗಾಳಗಾರನ ಕತೆ ಹೇಳುತ್ತೇನೆ. ನಾನು ಹುಟ್ಟಿದ್ದು ಅಂಬಿಗರ ಮನೆಯಲ್ಲಿ. ಕಾವಿ ಉಟ್ಟು ನಲವತ್ತು ವರ್ಷವಾದರೂ ನನಗೆ ಮೀನಿನ ಕತೆಯೇ ಮೊದಲು ನೆನಪಾಗುವುದು. ಗಾಳಗಾರನಿಗೆ ಹೆಸರು ಬೇಡ. ಹೆಸರು ಹೇಳಿದರೆ ಅವನು ಬೇರೆ ಯಾರೋ ಎಂದು ನಿನಗೆ ಹಗುರವಾಗಿಬಿಡುತ್ತದೆ. ಅವನ ಹೆಂಡತಿಯ ಹೆಸರು ಹಾಲವ್ವ. ಅವಳ ಹೆಸರನ್ನು ಮರೆಯಬಾರದು.”

ಅಜ್ಜನವರು ಹೇಳತೊಡಗಿದರು.

ಒಂದು ಊರು. ಊರಿನ ಮಗ್ಗುಲಿಗೆ ಹೊಳೆ. ಹೊಳೆಯ ತಿರುವಿನಲ್ಲಿ ಆಳವಾದ ಒಂದು ಮಡು. ಆ ಮಡುವಿನಲ್ಲಿ ಗಾಳ ಹಾಕಿ ಬದುಕುವ ಮನೆಗಳು ಹನ್ನೆರಡು. ಒಂದೊಂದು ಮನೆಗೆ ಒಂದೊಂದು ಗುರುತು. ಗಾಳವನ್ನು ದಾರಕ್ಕೆ ಕಟ್ಟುವ ಜಾಗದಲ್ಲಿ ಒಬ್ಬರು ಕರಿ ನೂಲು ಸುತ್ತುತ್ತಿದ್ದರು, ಒಬ್ಬರು ಕುದುರೆಬಾಲದ ಕೂದಲು ಸುತ್ತುತ್ತಿದ್ದರು. ನಮ್ಮ ಗಾಳಗಾರನ ಮನೆಯವರು ತಾಮ್ರದ ತಂತಿ ಸುತ್ತುತ್ತಿದ್ದರು, ಸರಿಯಾಗಿ ಏಳು ಸುತ್ತು. ಎಲ್ಲಿಯಾದರೂ ಒಂದು ಗಾಳ ಸಿಕ್ಕರೆ ಅದು ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಮೀನು ಜಗ್ಗಿದ ರಭಸಕ್ಕೆ ದಾರ ಹರಿದು ಯಾರದಾದರೂ ಗಾಳ ಹೋದರೆ, ಅಂದು ಸಂಜೆ ಉಳಿದ ಹನ್ನೊಂದು ಮನೆಯವರು ಅವನನ್ನು ಮಾತಾಡಿಸಲು ಬರುತ್ತಿದ್ದರು. ಸಾವಾದ ಮನೆಗೆ ನಾವು ಹೋಗುತ್ತೇವಲ್ಲ, ಹಾಗೆ. ಬಂದವರು ಒಂದೊಂದು ಗಾಳವನ್ನು ಅವನ ಮುಂದೆ ಇಡುತ್ತಿದ್ದರು. ಕಳೆದುಕೊಂಡವನು ಕಟ್ಟೆಯ ಮೇಲೆ ಕೂತು, ಮೀನು ಹೇಗೆ ಬಂತು, ಹೇಗೆ ಕಚ್ಚಿತು, ಹೇಗೆ ಮೋಸ ಮಾಡಿ ಹೋಯಿತು ಎಂದು ಹೇಳಬೇಕು. ಮನೆಯ ಹೆಂಗಸು ಎಲ್ಲರಿಗೂ ಮಜ್ಜಿಗೆ ಕೊಡಬೇಕು. ಒಂದು ಗಾಳ ಹೋದರೆ ಹನ್ನೊಂದು ಬರುತ್ತಿದ್ದವು. ಆದರೂ ಅವರು ನಿಜವಾಗಿ ಅಳುತ್ತಿದ್ದರು. ಅದು ನಾಟಕವಲ್ಲ. ನಿನ್ನದೂ ನಾಟಕವಲ್ಲ, ನನಗೆ ಗೊತ್ತು.

ಇನ್ನೂ ಒಂದು ಪದ್ಧತಿ ಇತ್ತು. ಮಡುವಿನ ದಡದಲ್ಲಿ ಒಂದು ದೊಡ್ಡ ಬಂಡೆ. ಅದಕ್ಕೆ ಹಿರೇಬಂಡೆ ಎನ್ನುತ್ತಿದ್ದರು. ಕೆಂಪು ನೀರು ಇಳಿದು ಹೊಳೆ ತಿಳಿಯಾದ ಮೇಲೆ, ಮೊದಲ ಸೋಮವಾರ, ಆ ಬಂಡೆಯ ಮೇಲೆ ನಿಂತು ಒಬ್ಬನು ವರ್ಷದ ಮೊದಲ ಗಾಳ ಎಸೆಯಬೇಕು. ವರ್ಷಕ್ಕೊಂದು ಮನೆಯ ಸರದಿ. ಎಸೆದವನಿಗೆ ವರ್ಷವಿಡೀ ಆ ಬಂಡೆಯ ಮೇಲೆ ಕೂತು ಗಾಳ ಹಾಕುವ ಹಕ್ಕು. ಆದರೆ ಎಸೆಯುವ ಗಾಳ ಹೊಸದಾಗಿರಬಾರದು. ಹಿಂದಿನ ಸರದಿಯಲ್ಲಿ ಆ ಮನೆಯವರು ಎಸೆದ ಗಾಳವೇ ಆಗಬೇಕು. ಉಳಿದ ಹನ್ನೊಂದು ಜನ ಅದನ್ನು ಮುಟ್ಟಿ ನೋಡಿ ಒಪ್ಪಬೇಕು. ಗಾಳ ಇಲ್ಲದವನ ಸರದಿ ಮುಂದಿನ ಮನೆಗೆ. ಅವನು ಮತ್ತೆ ಹನ್ನೆರಡು ವರ್ಷ ಕಾಯಬೇಕು.

ನಮ್ಮ ಗಾಳಗಾರನ ಅಪ್ಪ ಹಿಂದಿನ ಸರದಿಯಲ್ಲಿ ಎಸೆದಿದ್ದ. ಈಗ ಇವನಿಗೆ ಅರವತ್ತು ಹತ್ತಿರ. ಬರುವ ವರ್ಷ ಇವನದೇ ಸರದಿ. ಅದು ತಪ್ಪಿದರೆ ಇನ್ನೊಂದು ಸಿಗುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪನ ಗಾಳ ತೊಲೆಯ ಸಂದಿಯಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು. ಅದನ್ನು ದಿನದ ಕೆಲಸಕ್ಕೆ ಯಾರೂ ಬಳಸುತ್ತಿರಲಿಲ್ಲ.

ಇವನು ಬಳಸಿದ. ಮಡುವಿನಲ್ಲಿ ಒಂದು ಬಾಳೆಮೀನು ಮಗ್ಗುಲು ಹೊರಳಿಸಿದ್ದನ್ನು ಕಂಡ. ಉದ್ದ ಮೀಸೆ, ಎತ್ತಿದರೆ ಆಳಿನ ಎದೆಯ ತನಕ ಬರುವಂಥ ಮೈ. ಇಂಥದ್ದಕ್ಕೆ ಸಾದಾ ಗಾಳ ನಿಲ್ಲುವುದಿಲ್ಲ ಎಂದು ಅಂದುಕೊಂಡ. ಹಾಲವ್ವ ಬೇಡವೆಂದಳು. ದಡದಲ್ಲಿದ್ದವರೂ ಬೇಡವೆಂದರು. ಬೇಡ ಎಂದವರ ಕಣ್ಣೆದುರೇ ಹಿಡಿದು ತೋರಿಸಬೇಕು ಎಂಬ ಹಟ ಬಂತು. ತೊಲೆಯಿಂದ ಅಪ್ಪನ ಗಾಳ ಇಳಿಸಿದ.

ಸುಳ್ಳೇನಿತ್ತು ಎಂದು ನೀನು ಕೇಳಿದೆಯಲ್ಲ, ಬಸಲಿಂಗ. ಅವನು ಸಿಕ್ಕಿಸಿದ ಹುಳುವೂ ಸುಳ್ಳಾಗಿರಲಿಲ್ಲ. ದಡದ ಹಸಿ ಮಣ್ಣನ್ನು ಅಗೆದು ತೆಗೆದ ದಪ್ಪ ಎರೆಹುಳು. ತಿಂದರೆ ಮೀನಿನ ಹೊಟ್ಟೆ ತುಂಬುವಂಥದ್ದು. ಅದರೊಳಗೆ ಏನಿತ್ತು ಎಂಬುದು ಬೇರೆ ವಿಷಯ.

ಮೀನು ಕಚ್ಚಿತು. ಇವನು ಜಗ್ಗಿದ. ಅದೂ ಜಗ್ಗಿತು. ದಾರ ಹರಿಯಿತು. ಇವನು ಖಾಲಿ ಕೋಲು ಹಿಡಿದು ನಿಂತ.

ಅಂದು ಸಂಜೆ ಹನ್ನೊಂದು ಮನೆಯವರೂ ಬಂದರು. ಅಪ್ಪನ ಗಾಳ ಹೋಗಿದೆ, ಸರದಿ ಹೋಗಲಿದೆ. ಇಂಥ ದುಃಖ ಆ ಊರಲ್ಲಿ ಯಾರಿಗೂ ಬಂದಿರಲಿಲ್ಲ. ಅವನು ಕಟ್ಟೆಯ ಮೇಲೆ ಕೂತು ಮೀನಿಗೆ ಬಾಯಿಗೆ ಬಂದದ್ದೆಲ್ಲ ಅಂದ. ಕಳ್ಳ ಮೀನು, ದ್ರೋಹಿ ಮೀನು, ಮೂರು ತಲೆಮಾರಿನ ಗಾಳವನ್ನು ಬಾಯಲ್ಲಿ ಇಟ್ಟುಕೊಂಡು ಓಡಿಹೋದ ಮೀನು. ಕೇಳಿದವರು ಕಣ್ಣೊರೆಸಿಕೊಂಡರು. ಹಾಲವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಅವಳು ಅಳಲಿಲ್ಲ. ಮರುದಿನ ಹೆಂಗಸರು ಅದನ್ನೂ ಆಡಿಕೊಂಡರು.

ಸರದಿಗೆ ಇನ್ನು ಒಂದು ವರ್ಷ ಇತ್ತು. ಅಷ್ಟರೊಳಗೆ ಆ ಕಳ್ಳನನ್ನು ಹಿಡಿದು ಗಾಳ ವಾಪಸು ತರುತ್ತೇನೆ ಎಂದು ಅವನು ಎಲ್ಲರ ಮುಂದೆ ಆಣೆ ಮಾಡಿದ. ಅಂದಿನಿಂದ ಹಿಡಿದ ಪ್ರತಿ ಮೀನಿನ ಬಾಯನ್ನೂ ತೆರೆದು ನೋಡತೊಡಗಿದ. ನೀನು ನಂಬುವುದಿಲ್ಲ, ನಲವತ್ತು ವರ್ಷ ಗಾಳ ಹಾಕಿದ ಮನುಷ್ಯ ಅಲ್ಲಿಯ ತನಕ ಒಂದೇ ಒಂದು ಮೀನಿನ ಬಾಯೊಳಗೆ ಸರಿಯಾಗಿ ನೋಡಿರಲಿಲ್ಲ. ಗಂಡಸರು ಹಿಡಿದು ಬುಟ್ಟಿಗೆ ಹಾಕುತ್ತಿದ್ದರು. ಕೊಯ್ದು ತೊಳೆಯುವುದು ಹೆಂಗಸರ ಕೆಲಸ.

ಒಂದು ಮೀನಿನ ತುಟಿ ಹರಿದು ಎರಡಾಗಿ, ಹಾಗೆಯೇ ಮಾಯ್ದಿತ್ತು. ಒಂದರ ಕಿವಿರಿನ ಸಂದಿಯಲ್ಲಿ ತುಕ್ಕು ಹಿಡಿದ ಗಾಳ ಇತ್ತು. ಇನ್ನೊಂದರ ಬಾಯಿಂದ ಗೇಣುದ್ದ ದಾರ ನೇತಾಡುತ್ತಿತ್ತು, ಅದರ ಮೇಲೆ ಪಾಚಿ ಬೆಳೆದಿತ್ತು. ಇವನು ಗಾಳ ಕಿತ್ತು ನೋಡುವನು. ಕರಿ ನೂಲಿದ್ದರೆ ಆ ಮನೆಗೆ, ಕುದುರೆಕೂದಲಿದ್ದರೆ ಈ ಮನೆಗೆ ಕೊಡುವನು. ಅವರು, “ಅಬ್ಬಾ, ಸಿಕ್ತಲ್ಲ!” ಎಂದು ಹಿಗ್ಗುತ್ತಿದ್ದರು. ಯಾವ ಮೀನಿನ ಬಾಯಲ್ಲಿತ್ತು, ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಇವನೂ ಹೇಳಲಿಲ್ಲ. ಇವನಿಗೆ ಬೇಕಾದದ್ದು ತನ್ನ ಗಾಳ.

ಹೀಗೆ ಎಂಟು ತಿಂಗಳು ಹೋಯಿತು. ಒಂದು ದಿನ ಮಧ್ಯಾಹ್ನ ಅವನು ಬುಟ್ಟಿ ಇಳಿಸಿ, ಒಲೆಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ.

“ಇವತ್ತೂ ಸಿಗಲಿಲ್ಲ. ಹನ್ನೊಂದು ಮನೆ ಗಾಳ ಸಿಗ್ತಾವ, ನಂದೊಂದು ಸಿಗವಲ್ದು” ಎಂದ.

ಹಾಲವ್ವ ಎದ್ದಳು. ಒಲೆಯ ಹಿಂದಿನ ಗೂಡಿನಿಂದ ಒಂದು ತೆಂಗಿನ ಚಿಪ್ಪು ತಂದು ಅವನ ಮುಂದೆ ಇಟ್ಟಳು. ಚಿಪ್ಪಿನ ತುಂಬ ಹಳೆಯ ಗಾಳಗಳು.

“ಇವು ಎಲ್ಲಿವು?”

“ನೀವು ತಂದ ಮೀನಿನಾಗ ಇದ್ದವು. ಕೊಯ್ಯೂವಾಗ ನನ್ನ ಕೈಗೆ ಚುಚ್ಚಿದವು. ತಾಮ್ರದವು ಎಷ್ಟದಾವ ಎಣಿಸ್ರಿ.”

ಅವನು ಎಣಿಸಿದ. ತಾಮ್ರ ಸುತ್ತಿದವು ಒಂಬತ್ತು ಇದ್ದವು.

“ಒಂಬತ್ತು ಸಲ ಮಂದಿ ಮಾತಾಡ್ಸಾಕ ಬಂದಿದ್ರು. ಒಂಬತ್ತು ಸಲ ಮಜ್ಜಿಗಿ ಕೊಟ್ಟಾಕಿ ನಾನ. ಈ ಸಲದ್ದು ಹತ್ತನೇದು” ಎಂದಳು ಹಾಲವ್ವ.

“ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀವು ಗಾಳ ಹೋತು, ಗಾಳ ಹೋತು ಅಂತ ಅಳ್ತಿದ್ರಿ. ಮೀನು ಏನಾತು ಅಂತ ಒಮ್ಮೆರ ಕೇಳಿದ್ರ ಹೇಳ್ತಿದ್ದೆ.”

ಅವನು ಒಂದು ಗಾಳವನ್ನು ಬೆರಳಲ್ಲಿ ಹಿಡಿದು ತಿರುಗಿಸಿದ. ಅದನ್ನು ಕಳೆದುಕೊಂಡ ದಿನ ಅವನಿಗೆ ನೆನಪಿತ್ತು. ಯಾರು ಯಾರು ಬಂದಿದ್ದರು, ಯಾರು ಏನು ಅಂದರು, ಎಲ್ಲ ನೆನಪಿತ್ತು. ಅದು ಯಾವ ಮೀನಿನ ಬಾಯಿಂದ ಬಂತು ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಹಾಲವ್ವನಿಗೆ ಗೊತ್ತಿತ್ತು. ಅವಳು ಒಂದೊಂದನ್ನೇ ತೋರಿಸಿ ಹೇಳಿದಳು: ಇದು ಗಂಟಲಲ್ಲಿತ್ತು, ಇದು ಕಣ್ಣಿನ ಕೆಳಗಿತ್ತು, ಇದರ ಸುತ್ತ ಮಾಂಸ ಗಂಟು ಕಟ್ಟಿತ್ತು, ಈ ಮೀನಿನ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ಕೆಸರು. ಅವನು ಅರ್ಧಕ್ಕೇ ಸಾಕು ಎಂದ. ಅವಳು ನಿಲ್ಲಿಸಲಿಲ್ಲ, ಒಂಬತ್ತನ್ನೂ ಹೇಳಿ ಮುಗಿಸಿದಳು. ಅದಕ್ಕೇ ಅವಳ ಹೆಸರನ್ನು ಮರೆಯಬೇಡ ಎಂದದ್ದು.

ಇಲ್ಲಿ ಬಸಲಿಂಗ ತಡೆದ. “ಆಮೇಲೆ ಅವನು ಗಾಳ ಹಾಕುವುದನ್ನೇ ಬಿಟ್ಟುಬಿಟ್ಟನೇ, ಅಜ್ಜಾರೇ?”

“ಬಿಟ್ಟು ಏನು ತಿನ್ನಬೇಕಿತ್ತು? ನಿನಗೆ ಕತೆ ಬೇಗ ಮುಗಿಯಬೇಕು, ಎಲ್ಲರೂ ಬೇಗ ಒಳ್ಳೆಯವರಾಗಬೇಕು” ಎಂದು ಅಜ್ಜನವರು ಗದರಿಸಿ, ಮುಂದುವರಿಸಿದರು.

ಅವನು ಮರುದಿನವೂ ಹೋದ. ಅವನಿಗೆ ಅಪ್ಪನ ಗಾಳ ಇನ್ನೂ ಬೇಕಾಗಿತ್ತು. ಆದರೆ ಆ ಮೀನನ್ನು ಕಳ್ಳ ಎನ್ನುವುದನ್ನು ನಿಲ್ಲಿಸಿದ. ಅಷ್ಟೇ ಆದ ಬದಲಾವಣೆ. ನಾಲ್ಕು ತಿಂಗಳು ಹೀಗೇ ಕಳೆಯಿತು. ಮಳೆಗಾಲ ಬಂತು, ಹೊಳೆ ಕೆಂಪಾಯಿತು, ಮತ್ತೆ ಇಳಿಯಿತು, ತಿಳಿಯಾಯಿತು. ಸೋಮವಾರಕ್ಕೆ ಒಂದೇ ದಿನ ಉಳಿಯಿತು.

ಭಾನುವಾರ ಇಳಿಹೊತ್ತಿನಲ್ಲಿ ಅವನ ಬೆಂಡು ನಿಧಾನವಾಗಿ ಮುಳುಗಿತು. ಕೋಲು ಎತ್ತಿದ. ಭಾರ ಇತ್ತು, ಆದರೆ ಜಗ್ಗಾಟ ಇರಲಿಲ್ಲ. ದಾರ ಎಳೆದಷ್ಟೂ ಬಂತು. ಕಸ ಸಿಕ್ಕಿದೆ ಎಂದುಕೊಂಡ. ದಡದ ಹತ್ತಿರ ನೀರಿನಲ್ಲಿ ದೊಡ್ಡ ತಲೆಯೊಂದು ಕಂಡಿತು, ಉದ್ದ ಮೀಸೆ ಕಂಡಿತು. ತಲೆ ಅದೇ ಬಾಳೆಮೀನಿನದು. ಮೈ ಅದರದಲ್ಲ ಅನ್ನಿಸಿತು. ತಲೆಯ ಹಿಂದೆ ಮೈ ಸವೆದು ಒಣಗಿ, ಬೆನ್ನಿನ ಮುಳ್ಳು ಎಣಿಸುವ ಹಾಗಿತ್ತು.

ಅವನು ಮೊಣಕಾಲುದ್ದ ನೀರಿಗೆ ಇಳಿದ. ಮೀನನ್ನು ನೀರಿನಲ್ಲೇ ತೊಡೆಗೆ ಒತ್ತಿ ಹಿಡಿದ. ಈ ದಿನದ ಗಾಳ ತುಟಿಯ ಅಂಚಿನಲ್ಲಿತ್ತು, ಸುಲಭವಾಗಿ ಬಿಡಿಸಿದ. ಬಾಯಿ ತೆರೆದು ನೋಡಿದ. ಕೆಳದವಡೆಯ ಮೂಲೆಯಲ್ಲಿ ಅಪ್ಪನ ಗಾಳ. ತಾಮ್ರದ ತಂತಿ ಹಸಿರುಗಟ್ಟಿತ್ತು. ಸುತ್ತು ಏಳೂ ಇದ್ದವು. ಗಾಳದ ಬಾಗಿನ ಸುತ್ತ ಮಾಂಸ ಬೆಳೆದು ಅದನ್ನು ಮುಚ್ಚಿತ್ತು. ಅದರಿಂದಾಗಿ ದವಡೆ ಪೂರ್ತಿ ಮುಚ್ಚುತ್ತಿರಲಿಲ್ಲ. ಬೇರೆ ಮೀನನ್ನು ಬೇಟೆಯಾಡಿ ನುಂಗುವ ಜಾತಿ ಅದು. ಒಂದು ವರ್ಷದಿಂದ ಏನನ್ನೂ ಕಚ್ಚಿ ಹಿಡಿಯಲಾಗಿರಲಿಲ್ಲ. ಮೆತ್ತಗಿರುವ ಹುಳು ಒಂದೇ ಅದಕ್ಕೆ ಉಳಿದಿತ್ತು. ನೋವಾದ ಜಾಗಕ್ಕೇ ಅದು ಮತ್ತೆ ಬಂದದ್ದು ದಡ್ಡತನದಿಂದಲ್ಲ. ಹಸಿವಿನಿಂದ.

ಬಸಲಿಂಗ ತಲೆ ತಗ್ಗಿಸಿದ. ಅಜ್ಜನವರು ಅದನ್ನು ಗಮನಿಸದವರ ಹಾಗೆ ಹೇಳುತ್ತ ಹೋದರು.

ಗಾಳವನ್ನು ನೀನು ಹತ್ತಿರದಿಂದ ನೋಡಿದ್ದೀಯಾ? ತುದಿಯಲ್ಲಿ ಹಿಂದಕ್ಕೆ ತಿರುಗಿದ ಒಂದು ಸಣ್ಣ ಮುಳ್ಳು ಇರುತ್ತದೆ. ಒಳಗೆ ಹೋಗುವಾಗ ಅದು ಸುಮ್ಮನೆ ಹೋಗುತ್ತದೆ. ಹೊರಗೆ ಎಳೆದಾಗ ಕಚ್ಚಿಕೊಳ್ಳುತ್ತದೆ. ಬೆಳೆದ ಮಾಂಸದಲ್ಲಿ ಸಿಕ್ಕಿದ ಗಾಳವನ್ನು ತೆಗೆಯಲು ಇರುವುದು ಎರಡೇ ದಾರಿ. ಒಂದು, ದವಡೆಯನ್ನು ಕೊಯ್ಯುವುದು. ಗಾಳ ಇಡಿಯಾಗಿ ಸಿಗುತ್ತದೆ, ಮೀನು ಸಾಯುತ್ತದೆ. ಇನ್ನೊಂದು, ಗಾಳವನ್ನು ಹಿಂದಕ್ಕೆ ಎಳೆಯದೆ ಇನ್ನಷ್ಟು ಮುಂದಕ್ಕೆ ತಳ್ಳುವುದು. ಮುಳ್ಳು ಆ ಕಡೆ ಹೊರಗೆ ಬರುತ್ತದೆ. ಅದನ್ನು ಇಕ್ಕಳದಲ್ಲಿ ಹಿಡಿದು ಮುರಿಯಬೇಕು. ಆಮೇಲೆ ಗಾಳ ಬಂದ ದಾರಿಯಲ್ಲೇ ಜಾರಿ ಹೊರಬರುತ್ತದೆ. ಮೀನು ಉಳಿಯಬಹುದು. ಗಾಳ ಉಳಿಯುವುದಿಲ್ಲ. ಮುಳ್ಳು ಮುರಿದ ಗಾಳವನ್ನು ಯಾರೂ ಗಾಳ ಎನ್ನುವುದಿಲ್ಲ.

ಸೊಂಟದಲ್ಲಿ ಕತ್ತಿ ಇತ್ತು. ಚೀಲದಲ್ಲಿ ಇಕ್ಕಳ ಇತ್ತು. ಎದುರಿಗೆ ಹಿರೇಬಂಡೆ ಕಾಣುತ್ತಿತ್ತು. ನಾಳೆ ಬೆಳಗ್ಗೆ ಅದರ ಮೇಲೆ ನಿಲ್ಲಬೇಕು ಎಂದು ಅವನು ಹನ್ನೆರಡು ವರ್ಷ ಕಾದಿದ್ದ. ಸುತ್ತ ಯಾರೂ ಇರಲಿಲ್ಲ. ಕೊಯ್ದರೆ ತಪ್ಪೆಂದು ಯಾರೂ ಅನ್ನುತ್ತಿರಲಿಲ್ಲ. ಅದು ಅವನ ಕಸುಬೇ. ನಾಳೆ ಸಿಗುವ ಮೀನನ್ನು ಕೊಲ್ಲುವವನೂ ಅವನೇ. ಅವನು ಕತ್ತಿಯ ಹಿಡಿ ಮುಟ್ಟಿ ಬಹಳ ಹೊತ್ತು ನಿಂತ.

ಆಮೇಲೆ ಇಕ್ಕಳ ತೆಗೆದ.

ಗಾಳ ತಳ್ಳಿದಾಗ ಮೀನು ಹೊಡೆದುಕೊಂಡಿತು. ಬಾಳೆಮೀನಿನ ಹಲ್ಲು ಹೆಬ್ಬೆರಳನ್ನು ಸೀಳಿದವು. ಕೈಯ ರಕ್ತ, ದವಡೆಯ ರಕ್ತ ಎರಡೂ ಒಂದೇ ನೀರಿಗೆ ಬಿದ್ದವು. ಮೂರು ಸಲ ಇಕ್ಕಳ ಜಾರಿತು. ನಾಲ್ಕನೆಯ ಸಲ ಮುಳ್ಳು ಮುರಿಯಿತು. ಗಾಳ ಹೊರಬಂತು. ಅವನು ಮೀನನ್ನು ನೀರಿನಲ್ಲೇ ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಹಿಡಿದುಕೊಂಡ. ಅದು ಬಾಯಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಅವನು ಕೈ ಸಡಿಲಿಸಿದ. ಅದು ಹೋಯಿತು.

ಮರುದಿನ ಬೆಳಗ್ಗೆ ಹಿರೇಬಂಡೆಯ ಬುಡದಲ್ಲಿ ಹನ್ನೊಂದು ಮನೆಯವರು ಸೇರಿದರು. ಇವನು ಎಣ್ಣೆ ಬಟ್ಟೆ ಬಿಚ್ಚಿ ಗಾಳ ಕೊಟ್ಟ. ಎಲ್ಲರಿಗೂ ಸಂತೋಷವಾಯಿತು. ತಾಮ್ರ ನೋಡಿದರು, ಸುತ್ತು ಎಣಿಸಿದರು. ಅವರಲ್ಲಿ ಎಲ್ಲರಿಗಿಂತ ಹಿರಿಯನಾದ ಮುದುಕ ಹೆಬ್ಬೆರಳಿನಿಂದ ಗಾಳದ ತುದಿ ಸವರಿದ. ಅವನ ಮುಖ ಗಂಟಿಕ್ಕಿತು.

“ಮುಳ್ಳಿಲ್ಲಲ್ಲೋ ಇದಕ್ಕ.”

“ನಾನ ಮುರದೆ, ಕಾಕಾ.”

“ಯಾಕ ಮುರದಿ? ದವಡಿ ಕೊಯ್ದಿದ್ರ ಇಡಿಯಾಗಿ ಬರ್ತಿತ್ತಲ್ಲ!”

“ಗಾಳ ನಂದು, ಕಾಕಾ. ದವಡಿ ಅದರದು.”

ಮುದುಕ ಗಾಳವನ್ನು ಇವನ ಅಂಗೈಗೆ ಹಾಕಿ ಮುಷ್ಟಿ ಮುಚ್ಚಿದ. ಪದ್ಧತಿ ಪದ್ಧತಿಯೇ. ಆ ವರ್ಷದ ಮೊದಲ ಗಾಳವನ್ನು ಮುಂದಿನ ಮನೆಯವನು ಎಸೆದ. ನಮ್ಮ ಗಾಳಗಾರ ಕೆಳಗಿನ ಸಣ್ಣ ಕಲ್ಲಿನ ಮೇಲೆ ಕೂತು, ಎಂದಿನ ಹಾಗೆ ಹುಳು ಸಿಕ್ಕಿಸಿದ. ಅವನಿಗೆ ಬೇಜಾರಾಗಲಿಲ್ಲವೆಂದು ನಾನು ಹೇಳುವುದಿಲ್ಲ. ಆ ಬಂಡೆಯ ಕಡೆ ಅವನು ಇಡೀ ದಿನ ನೋಡಲಿಲ್ಲ.

ಸಂಜೆ ಹನ್ನೊಂದು ಜನವೂ ಅವನ ಮನೆಗೆ ಬಂದರು. ಅಪ್ಪನ ಗಾಳ ಹಾಳಾಯಿತು, ಸರದಿ ಹೋಯಿತು; ಮಾತಾಡಿಸದೆ ಇರುವುದು ಹೇಗೆ? ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಹೊಸ ಗಾಳ ಇತ್ತು. ಅವನು ಕಟ್ಟೆಯ ಮೇಲೆ ಕೂರಲಿಲ್ಲ. ಬಾಗಿಲಲ್ಲಿ ನಿಂತು ಕೈ ಮುಗಿದ.

“ನಾ ಏನೂ ಕಳಕೊಂಡಿಲ್ಲ. ಹೋಗಿ ಬರ್ರಿ” ಎಂದ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಹಾಲವ್ವ ಕಡೆದು ಇಟ್ಟಿದ್ದ ಮಜ್ಜಿಗೆಯನ್ನು ಅಂದು ಗಂಡ ಹೆಂಡತಿ ಇಬ್ಬರೇ ಕುಡಿದರು. ಅವನ ಹೆಬ್ಬೆರಳಿಗೆ ಅವಳು ಅರಿಸಿನ ಹಚ್ಚಿ ಬಟ್ಟೆ ಕಟ್ಟಿದಳು. ಚಿಪ್ಪಿನಲ್ಲಿದ್ದ ಒಂಬತ್ತರ ಜೊತೆ ಹತ್ತನೆಯದನ್ನೂ ಹಾಕಿದಳು.

ಅಜ್ಜನವರು ಕತೆ ನಿಲ್ಲಿಸಿ, ಚೊಂಬಿನಿಂದ ಒಂದು ಗುಟುಕು ನೀರು ಕುಡಿದರು.

“ಆ ಮೀನು ಬದುಕಿತೇ, ಅಜ್ಜಾರೇ?” ಎಂದು ಬಸಲಿಂಗ ಮೆಲ್ಲಗೆ ಕೇಳಿದ.

“ಯಾರಿಗೆ ಗೊತ್ತು? ನೀರಿಗೆ ಹೋದದ್ದು ಮತ್ತೆ ಕಾಣಲಿಲ್ಲ. ಅದು ಬದುಕುತ್ತದೆಂದು ಬರೆದುಕೊಟ್ಟರೆ ಮಾತ್ರ ಮುಳ್ಳು ಮುರಿಯುತ್ತೇನೆ ಎಂದು ಅವನು ಹಟ ಹಿಡಿಯಲಿಲ್ಲ.”

ಬಸಲಿಂಗ ಬಹಳ ಹೊತ್ತು ಗೂಟದಲ್ಲಿದ್ದ ಸೌಟನ್ನು ನೋಡಿದ. ಅವನ ಕಣ್ಣು ತುಂಬಿತ್ತು, ಈ ಸಲ ಬೇರೆಯವರಿಗಾಗಿ. “ತಿಳಿಯಿತು. ಕಳೆದುಕೊಂಡವನು ನಾನಲ್ಲ. ಅಮಾವಾಸ್ಯೆಯ ಪ್ರವಚನ ನನಗೆ ಬೇಡ. ನಾನು ಅಂದದ್ದನ್ನು ಪಂಕ್ತಿಯಲ್ಲಿ ಎಲ್ಲರ ಮುಂದೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ರೇವಣ ಒಂದು ಸಲ ಬರಲಿ. ಬಂದ ದಿನವೇ ಕಾಲು ಹಿಡಿಯುತ್ತೇನೆ. ಅಲ್ಲಿಯ ತನಕ ಎಷ್ಟು ದಿನವಾದರೂ ಇಲ್ಲೇ ಕಾಯುತ್ತೇನೆ.”

ಅಜ್ಜನವರು ಚೊಂಬನ್ನು ಕೆಳಗಿಟ್ಟು ಅವನ ಮುಖ ನೋಡಿದರು.

“ಮೀನೇನೋ ಹಸಿದು ಮತ್ತೆ ಬಂತು; ಊಟಕ್ಕೆ ಬಂದವನು ಎನ್ನಿಸಿಕೊಂಡವನು ಇನ್ನೆಷ್ಟು ಹಸಿದರೆ ಈ ಬಾಗಿಲಿಗೆ ಬಂದಾನು, ಬಸಲಿಂಗ?”